ಮೊದಲ ಒಲೆಯ ಕಟ್ಟಿಗೆ

ಜೂನ್ 4

‘ಮಳೆಗೆ ಮನೆಗಳ ಭೇದ ತಿಳಿಯದು…’ ಬೆಳಿಗ್ಗೆಯಿಂದ ಈ ಸಾಲು ತಲೆಯಲ್ಲಿ. ಎಲ್ಲಿ ಓದಿದ್ದು? ಎಂ.ಎ. ದಿನಗಳಲ್ಲೋ, ಯಾವುದೋ ವಿಶೇಷಾಂಕದಲ್ಲೋ. ‘ತಿಳಿಯದು’ ಎಂದಿತ್ತೋ ‘ಇಲ್ಲ’ ಎಂದಿತ್ತೋ. ಮುಂದಿನ ಸಾಲು ಬರುತ್ತಲೇ ಇಲ್ಲ. ಹೇಗಿದ್ದರೂ ಸುಳ್ಳು. ನನ್ನ ತಮ್ಮ ಪರಮೇಶಿಯ ಆರ್‌ಸಿಸಿ ಮಾಳಿಗೆಯ ಮೇಲೆ ಬಿದ್ದ ಮಳೆ ಪೈಪಿನಲ್ಲಿ ಇಳಿದು ಗಟಾರಕ್ಕೆ ಹೋಗುತ್ತದೆ. ನನ್ನ ಕೋಣೆಯ ಹಂಚಿನ ಮೇಲೆ ಬಿದ್ದದ್ದು ನೇರ ಮಂಚದ ಕಾಲಿಗೆ. ಬರೆದವರ ಮನೆ ಸೋರುತ್ತಿರಲಿಕ್ಕಿಲ್ಲ.

ಮಂಚ ಸರಿಸಿ, ಬೋಗುಣಿ ಇಟ್ಟು, ಪುಸ್ತಕದ ಕಪಾಟಿಗೆ ಹಳೆಯ ಸೀರೆ ಹೊದಿಸಿ ಬರೆಯುತ್ತಿದ್ದೇನೆ. ಅಪ್ಪ ಇದ್ದಾಗ ಇದು ಬೀಜ, ಗೊಬ್ಬರ ಇಡುವ ಕೋಣೆ. ಬೀದಿಗೊಂದು ಬಾಗಿಲು, ಒಳಮನೆಗೊಂದು. ಗಂಡ ತೀರಿಹೋಗಿ ಹಾನಗಲ್ಲಿನಿಂದ ತವರಿಗೆ ಬಂದಾಗ ಪರಮೇಶಿ ಇದನ್ನು ತೆರವು ಮಾಡಿಕೊಟ್ಟ. “ಇಲ್ಲಿ ನಿನಗ ಸ್ವಾತಂತ್ರ್ಯ ಇರ್ತೈತಕ್ಕಾ” ಎಂದ. ಹೌದು. ಬೀದಿ ಬಾಗಿಲಿನ ಸ್ವಾತಂತ್ರ್ಯ.

ಹಿತ್ತಲಲ್ಲಿ ಜಾಲಿಮರದ ಬೊಡ್ಡೆಗಳು ನೆನೆಯುತ್ತ ಬಿದ್ದಿವೆ. ಹೊಲದ ಬದುವಿನ ಮರ. ಮೇ ತಿಂಗಳ ಗಾಳಿಗೆ ಉರುಳಿತು. ಪರಮೇಶಿಗೆ ಖುಷಿಯೋ ಖುಷಿ — ಮಗಳ ಮದುವೆಗೆ ಕಟ್ಟಿಗೆ ತಾನಾಗಿಯೇ ಬಂತು. ದೀಪಾವಳಿಯ ನಂತರ ಹೇಮಾಳ ಮದುವೆ. ಊಟಕ್ಕೆ ಕಲ್ಯಾಣ ಮಂಟಪ, ಗ್ಯಾಸು, ಹುಬ್ಬಳ್ಳಿಯ ಅಡಿಗೆಯವರು, ಎಲ್ಲ ಉಂಟು. ಆದರೂ ನಮ್ಮ ಮನೆತನಕ್ಕೊಂದು ರೂಢಿ. ಹಂದರ ಹಾಕಿದ ದಿನ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಮೊದಲ ಒಲೆ ಹಚ್ಚಬೇಕು. ಕಟ್ಟಿಗೆ ಸ್ವಂತ ಹೊಲದ್ದಾಗಬೇಕು. ಆ ಒಲೆಯ ಹುಗ್ಗಿಯನ್ನು ಮದುಮಗಳು ಮೊದಲು ಉಣ್ಣಬೇಕು. ಬೀಗರು ಗಾಡಿ ಹತ್ತುವವರೆಗೂ ಬೆಂಕಿ ಆರಬಾರದು.

ನನ್ನ ಮದುವೆಯಲ್ಲೂ ಆರಿರಲಿಲ್ಲ. ಅಪ್ಪ ಎದ್ದೆದ್ದು ನೋಡುತ್ತಿದ್ದ.

ಜೂನ್ 6

ಮಳೆ ಬಿಡುವು ಕೊಟ್ಟಿತು. ಉಳಿವೆಪ್ಪ ಬಂದು ಬೊಡ್ಡೆ ಸೀಳಿದ. ಆತನ ಬಾಯಿ, ಕೊಡಲಿ ಎರಡೂ ನಿಲ್ಲುವುದಿಲ್ಲ.

“ಯಾರ ಮದುವಿರಿ ಅಕ್ಕಾರ? ಹೇಮವ್ವಂದಾ? ಆಕಿ ಇನ್ನೂ ಸಾಲಿಗಿ ಹೊಕ್ಕಾಳಲ್ರಿ?”

“ಬಿ.ಎಡ್. ಮುಗಿಸ್ಯಾಳಪಾ. ಈಗ ಆಕೀನ ಸಾಲಿ ಕಲಸಾಕಿ.”

“ಹಂಗಾರ ಈ ಜಾಲಿಕಿಂತ ಬಲತಾಳ ಬಿಡ್ರಿ!”

ಹಸಿ ಜಾಲಿಯ ಒಳಮೈ ಕೆಂಪು. ಸೀಳಿದ ಕ್ಷಣಕ್ಕೆ ಒಗರು ವಾಸನೆ. ಕೈಗೆ ಹಿಡಿದರೆ ಕಲ್ಲಿನಷ್ಟು ಭಾರ, ಒಳಗೆಲ್ಲ ನೀರು.

ಸಂಜೆ ಪರಮೇಶಿ ತಡಸದಿಂದ ನೀಲಿ ಪ್ಲಾಸ್ಟಿಕ್ ಹೊದಿಕೆ, ತಾಡಪತ್ರಿ ತಂದ. ಸೀಳಿದ್ದನ್ನೆಲ್ಲ ನೆಲದ ಮೇಲೇ ರಾಶಿ ಹಾಕಿಸಿ, ಸುತ್ತ ಬಿಗಿದು, ಅಂಚಿಗೆ ಮಣ್ಣು ಎಳೆದ. ಒಂದು ಸಂದಿಲ್ಲ.

“ಹಿಂಗ ಕಟ್ಟಿದ್ರ ಬೆವರ್ತೈತೋ. ಒಳಗಿನ ಹಸಿ ಎಲ್ಲಿ ಹೋಗಬೇಕು? ಅಪ್ಪ ಹೆಂಗ ಒಟ್ಟತಿದ್ದ, ನೆನಪ ಮಾಡ್ಕೊ.”

“ಅಪ್ಪನ ಕಾಲಕ್ಕ ತಾಡಪತ್ರಿ ಎಲ್ಲಿತ್ತಕ್ಕಾ? ನೀ ಕವಿತಾ ಓದ್ಕೋತ ಕುಂದ್ರು, ಬಾ ಅಂದಾಗ ಚಾಕ್ಕ ಬಾ.”

ಅವನ ಹೆಂಡತಿ ಸುಧಾರಾಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. “ಅಕ್ಕಾರು ಎಂ.ಎ. ಕಟಗಿ ಮ್ಯಾಲ ಮಾಡ್ಯಾರೇನು ಮತ್ತ?” ಅವಳ ತಮಾಷೆಗಳು ಇಂಥವು. ನಗದಿದ್ದರೆ ನನಗೇ ಕೊಂಕು.

ನಕ್ಕೆ.

ಜೂನ್ 15

ಬಿಸಿಲು. ಯಾರನ್ನೂ ಕೇಳದೆ ತಾಡಪತ್ರಿ ಬಿಚ್ಚಿದೆ. ಮುಖಕ್ಕೆ ಬಿಸಿ ಉಗಿ ಬಡಿಯಿತು, ಹಳಸಿದ ಅಂಬಲಿಯ ವಾಸನೆ. ಕೆಳಗಿನ ಸಾಲಿಗೆಲ್ಲ ಬಿಳಿ ಬೂಷ್ಟು. ತಾಡಪತ್ರಿಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗಿನ ಮಳೆಯನ್ನು ತಡೆದಿದೆ, ನಿಜ. ಒಳಗೆ ತನ್ನದೇ ಮಳೆ ಮಾಡಿಕೊಂಡಿದೆ.

ಪರಮೇಶಿ ಬಂದು ನೋಡಿದ. ಒಂದು ತುಂಡು ಎತ್ತಿ ಮೂಸಿದ, ಇಟ್ಟ. “ನೀನ ನೋಡ್ಕೊ ಹಂಗಾರ” ಎಂದು ಹೊರಟುಹೋದ. ತಪ್ಪಾಯಿತು ಎನ್ನುವುದು ನಮ್ಮ ಗಂಡಸರ ಬಾಯಲ್ಲಿ ಹೀಗೆ ಬರುತ್ತದೆ.

ಇಡೀ ದಿನ ಒಟ್ಟಿದೆ. ಮೊದಲು ನೆಲಕ್ಕೆ ಹಳೆಯ ಕಲ್ಲುಕಂಬದ ತುಂಡು — ಕಟ್ಟಿಗೆಗೆ ಮಣ್ಣು ತಾಗಬಾರದು. ಅದರ ಮೇಲೆ ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ನಡುನಡುವೆ ಬೆರಳು ತೂರುವಷ್ಟು ಸಂದು. ತೊಗಟೆ ಮೇಲ್ಮುಖ, ನೀರು ಜಾರಲಿ. ನೆತ್ತಿಗೆ ಮಾತ್ರ ತಗಡು, ಓರೆಯಾಗಿ, ಮೇಲೆ ಕಲ್ಲು. ನಾಲ್ಕೂ ಮಗ್ಗುಲು ಬಯಲು. ಒಣಗಿಸುವುದು ಬಿಸಿಲಲ್ಲ, ಗಾಳಿ. ಅಪ್ಪ ಇಷ್ಟೇ ಮಾಡುತ್ತಿದ್ದ. ಕೂತು ನೋಡುತ್ತಿದ್ದೆ, ಅಷ್ಟೆ. ಕೈಗೆ ಗೊತ್ತಿದೆ ಎಂದು ಇವತ್ತು ತಿಳಿಯಿತು.

ಮಧ್ಯಾಹ್ನದ ಮೇಲೆ ಹೇಮಾ ಬಂದು ತುಂಡು ಎತ್ತಿಕೊಟ್ಟಳು. ಹನ್ನೊಂದು ವರ್ಷದವಳಿದ್ದಾಗಿನಿಂದ ಈ ಕೋಣೆಯಲ್ಲಿ, ನನ್ನ ಮಗ್ಗುಲಲ್ಲಿ ಮಲಗಿ ಬೆಳೆದವಳು. ಪದ್ಯ ಓದಿಸಿಕೊಳ್ಳದೆ ನಿದ್ದೆ ಮಾಡುತ್ತಿರಲಿಲ್ಲ. ಅಂಗೈಗೆ ಹೊಕ್ಕ ಸಿಬಿರನ್ನು ಪಿನ್ನಿನಿಂದ ತೆಗೆಯುತ್ತ, ತಲೆ ಎತ್ತದೇ ಹೇಳಿದಳು:

“ಅತ್ತಿ, ಮೊದಲ ಒಲಿ ನೀನ ಹಚ್ಚಬೇಕು.”

“ಹುಚ್ಚಿ. ಮುತ್ತೈದ್ಯಾರು ಹಚ್ಚೋದದು.”

“ಯಾರು ಬರದಾರ ಹಂಗಂತ? ನನ್ನ ಮದುವಿ, ನನ್ನ ಒಲಿ. ನೀ ಹಚ್ಚದಿದ್ರ ನಾ ಆ ಹುಗ್ಗಿ ಉಣ್ಣಂಗಿಲ್ಲ, ನೋಡು.”

ಬೇಡ ಎನ್ನಬೇಕಿತ್ತು. ಇಪ್ಪತ್ತು ವರ್ಷ ಕ್ಲಾಸಿನಲ್ಲಿ ನಿಂತು ಶಾಸ್ತ್ರ ಎಷ್ಟು ಟೊಳ್ಳು ಎಂದು ಪಾಠ ಹೇಳಿದವಳು. ಹಚ್ಚಿದರೇನು, ಬಿಟ್ಟರೇನು. ಆದರೂ ಹ್ಞೂಂ ಎಂದೆ.

ಜೂನ್ 30

ಕಾಲೇಜಿನಿಂದ ಕರೆ ಇಲ್ಲ. ಈ ವರ್ಷ ಅತಿಥಿ ಉಪನ್ಯಾಸಕರಲ್ಲಿ ನೆಟ್ ಆದವರಿಗೇ ಮೊದಲು. ಅತಿಥಿ — ಎಷ್ಟು ಚಂದದ ಹೆಸರಿಟ್ಟಿದ್ದಾರೆ. ಎಷ್ಟು ವರ್ಷ ಇದ್ದರೂ ಅತಿಥಿ.

ಮಳೆ. ತಗಡಿನ ಮೇಲೆ ಸದ್ದು. ಅದರ ಕೆಳಗೆ ಕಟ್ಟಿಗೆ.

ಜುಲೈ 17

ಈ ಸಲ ಬಿಡುವೇ ಇಲ್ಲ. ನಮ್ಮ ಕಡೆಯ ಮಳೆಗೆ ಆ ಮಲೆನಾಡಿನ ಗತ್ತೂ ಇಲ್ಲ, ಬಯಲುಸೀಮೆಯ ಸಂಕೋಚವೂ ಇಲ್ಲ. ಜಿಟಿಜಿಟಿ. ಒಗೆದ ಲಂಗ ಮೂರು ದಿನ ಒಣಗುವುದಿಲ್ಲ. ಅದರಲ್ಲಿ ಕಟ್ಟಿಗೆ ಒಣಗಿಸುತ್ತೇನೆಂದು ಹೊರಟವಳು ನಾನು.

ಆದರೆ ಒಣಗುತ್ತಿದೆ. ತುದಿಗಳಲ್ಲಿ ಸೀಳು ಬಿಡಲು ಹತ್ತಿದೆ, ಕಿರಣದ ಹಾಗೆ ನಡುವಿನಿಂದ ಹೊರಕ್ಕೆ. ಕೆಂಪು ಹೋಗಿ ಬೂದು. ಗಾಳಿ ಬೀಸಿದ ಮಗ್ಗುಲು ಮೊದಲು, ಗೋಡೆಯ ಮಗ್ಗುಲು ಹಿಂದೆ. ಅದಕ್ಕೇ ಇವತ್ತು ಗೋಡೆ ಕಡೆಯದನ್ನು ಗಾಳಿ ಕಡೆಗೆ ಬದಲಿಸಿದೆ. ಒಳಗೊಂದು ಚೇಳು. ಕೊಲ್ಲಲಿಲ್ಲ, ಸರಿದು ಹೋಗಲಿ ಎಂದು ನಿಂತೆ.

ಸ್ನಾನದ ಹಂಡೆಗೆಂದು ಸುಧಾರಾಣಿ ಬುಟ್ಟಿ ಹಿಡಿದು ಬಂದಳು.

“ನಾಕ ತುಂಡು ಒಯ್ತೇನ್ರಿ ಅಕ್ಕಾರ, ಸೋಲಾರ ನೀರು ಬರವಲ್ದು.”

“ಇದು ಮದುವಿದು ಸುಧಾ.”

“ಅಯ್ಯ, ಯಾರ ಮದುವಿದ್ರಿ? ನನ್ನ ಮಗಳದ ಹೌದಲ್ಲೊ?”

ಎರಡೂ ಕಡೆ ನಗು. ಬುಟ್ಟಿ ತುಂಬಿಕೊಂಡೇ ಹೋದಳು. ಅರ್ಧ ತಾಸಿಗೆ ಬಚ್ಚಲಿನಿಂದ ಹೊಗೆ, ಕೆಮ್ಮು, ಬೈಗುಳ. ಜಾಲಿಗೆ ಇನ್ನೂ ಕಾಲ ಬೇಕು. ನನಗೆ ಒಳಗೊಳಗೇ ಸಂತೋಷವಾಯಿತು. ಇಂಥ ಸಂತೋಷಗಳು ಉಳಿದಿವೆ.

ಜುಲೈ 30

ನಿನ್ನೆ ಪಂಚಮಿ. ಇವತ್ತು ಸವಣೂರಿನಿಂದ ಬೀಗರು ಬಂದಿದ್ದರು. ಹುಡುಗ ಚನ್ನೇಶ, ಆತನ ತಾಯಿ ಶಾರವ್ವ, ಇನ್ನಿಬ್ಬರು ಹೆಂಗಸರು. ಸವಣೂರ ಖಾರ, ತಮ್ಮದೇ ತೋಟದ ವೀಳ್ಯದೆಲೆಯ ಕಟ್ಟು ತಂದಿದ್ದರು. ಹುಡುಗ ಮಿತಭಾಷಿ. ಕೆಟ್ಟವನಲ್ಲ. ಹೇಮಾ ಚಹಾ ಕೊಡುವಾಗ ಕಪ್ಪಿನ ಕಡೆಯೇ ನೋಡುತ್ತಿದ್ದ.

ಶಾರವ್ವ ಹಿತ್ತಲಿಗೆ ಕೈ ತೊಳೆಯಲು ಹೋದವರು ಕಟ್ಟಿಗೆಯ ಮುಂದೆ ನಿಂತುಬಿಟ್ಟರು. ಒಂದೆರಡು ತುಂಡು ತಟ್ಟಿದರು, ಸಂದಿನಲ್ಲಿ ಕೈ ಹಾಕಿ ನೋಡಿದರು. ಒಲೆ ಬಲ್ಲ ಹೆಂಗಸು.

“ಎಷ್ಟ ಚಂದ ಒಟ್ಟೀರಲ್ಲವಾ! ಮಳಿಗಾಲದಾಗ ಹಿಂಗ ಇಡೂದಂದ್ರ ಹುಡುಗಾಟ ಅಲ್ಲ. ಯಾರ ಕೈರಿ ಇದು?”

ನಾನು ಅಲ್ಲೇ ನಿಂತಿದ್ದೆ, ಟವೆಲ್ ಹಿಡಿದು. ಬಾಯಿ ತೆರೆಯುವುದರೊಳಗೆ ಸುಧಾರಾಣಿ —

“ಆಳಿನ ಮಂದಿರಿ. ಉಳಿವೆಪ್ಪ ಅಂತದಾನ, ಅವನ ಎಲ್ಲಾ.”

ಹೇಮಾ ಹಿತ್ತಲ ಬಾಗಿಲಲ್ಲಿದ್ದಳು, ಟ್ರೇ ಕೈಯಲ್ಲಿ. ನನ್ನ ಕಡೆ ನೋಡಿದಳು. ಆಮೇಲೆ ಟ್ರೇಯ ಕಡೆ.

ಸಣ್ಣ ಮಾತು. ಕಟ್ಟಿಗೆ ಒಟ್ಟಿದವಳು ನಾನು ಎಂದು ಊರಿಗೆ ಡಂಗುರ ಹೊಡೆಸಬೇಕೇ? ಸಣ್ಣ ಮಾತಾದರೆ ಮಲಗಿ ನಿದ್ದೆ ಮಾಡು, ನೀಲಾಂಬಿಕಾ.

ಆಗಸ್ಟ್ 23

ಎರಡು ದಿನದಿಂದ ಬಿಸಿಲು. ತಗಡು ಇಳಿಸಿ, ಇಡೀ ಒಟ್ಟಲು ಬಿಚ್ಚಿ, ಮತ್ತೆ ಕಟ್ಟಿದೆ. ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಒಂದು ಮೂಲೆಯಲ್ಲಿ ಗೆದ್ದಲು ಏರುತ್ತಿತ್ತು, ಕಲ್ಲಿಗೆ ಬೂದಿ ಸುರಿದೆ.

ಗೋಡೆಯಾಚೆ ಚಮನಬಿ ತನ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ನಾನು ಲಂಗ ತೊಟ್ಟಾಗಿನಿಂದ ನೋಡಿದವಳು, ಅದಕ್ಕೇ ಸಲಿಗೆ.

“ನೀಲವ್ವ, ಕಟಗೀಗೆ ಮಗ್ಗಲಾ ಬದಲಸಾಕತ್ತೀ? ಹಾಲೂ ಕುಡಸಬಿಡು ಅತ್ಲಾಗ.”

“ನಿನಗೇನ ಹೊಟ್ಟಿಕಿಚ್ಚು?”

“ಹೊಟ್ಟಿಕಿಚ್ಚಿಲ್ಲವಾ. ನನ್ನ ಗಂಡಗ ನಾ ಇಷ್ಟ ಮಾಡಿದ್ದಿಲ್ಲ, ಅದ್ಕ ಅಂದೆ.” ಆಮೇಲೆ ದನಿ ತಗ್ಗಿಸಿ, “ಹೇಮಾಗ ನಿನ್ನ ಮ್ಯಾಲ ಜೀವ ಐತಿಲ್ಲ? ನೀನ ಒಲಿ ಹಚ್ಚಾಕಿ ಅಂತಲ್ಲ. ಅಕಿನ ಹೇಳಿದ್ಲು ನನಗ.”

ಅಂದರೆ ಹೊರಗೂ ಹೇಳಿದ್ದಾಳೆ! ಎರಡು ತುಂಡು ಒಂದಕ್ಕೊಂದು ಬಡಿದು ನೋಡಿದೆ. ಜೂನಿನಲ್ಲಿ ದೊಪ್ಪ ಎನ್ನುತ್ತಿದ್ದದ್ದು ಈಗ ಟಣ್ ಎನ್ನುತ್ತದೆ. ಮತ್ತೊಮ್ಮೆ ಬಡಿದೆ. ಸಣ್ಣ ಹುಡುಗಿಯ ಹಾಗೆ.

ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದ್ದೇನೆ. ದಡಿ ಇನ್ನೂ ಗಟ್ಟಿ ಇದೆ.

ಸೆಪ್ಟೆಂಬರ್ 19

ಇಷ್ಟು ದಿನ ಬರೆಯಲಾಗಲಿಲ್ಲ. ಜ್ವರ. ಗಣೇಶನನ್ನು ಕಳಿಸಿದ ವಾರ ಬಿರುಗಾಳಿಗೆ ತಗಡುಗಳು ಹಾರಿದವು. ಹೇಮಾ ಹೋಗಿ ಮುಚ್ಚುತ್ತೇನೆ ಎಂದವಳು ಫೋನಿನಲ್ಲಿದ್ದಳು. ಚನ್ನೇಶನದು. “ಬಂದೆ ಅತ್ತಿ, ಬಂದೆ.” ನಾನೇ ಹೋದೆ. ತಗಡು ಹಿಡಿದು ಒಟ್ಟಲಿನ ಮೇಲೆ ಬೋರಲು ಬಿದ್ದು, ಉಳಿವೆಪ್ಪ ಬಂದು ಕಲ್ಲಿಡುವವರೆಗೂ ಹಾಗೇ ಇದ್ದೆ.

ಕಟ್ಟಿಗೆ ನೆನೆಯಲಿಲ್ಲ. ನಾನು ನೆನೆದೆ.

ಜ್ವರದಲ್ಲಿ ಹೇಮಾ ಗಂಜಿ ತಂದು ಕೊಡುತ್ತಿದ್ದಳು, ಹಣೆ ಮುಟ್ಟುತ್ತಿದ್ದಳು. ನಿಲ್ಲುತ್ತಿರಲಿಲ್ಲ. ಬ್ಲೌಸು, ಪಾರ್ಲರು, ಸವಣೂರಿನವರ ಮನೆಯಲ್ಲಿ ಅಟ್ಯಾಚ್ಡ್ ಬಾತ್ರೂಮು. ಒಲೆಯ ಮಾತು ಬರಲಿಲ್ಲ. ನಾನೂ ತೆಗೆಯಲಿಲ್ಲ. ಕೇಳಿ ಪಡೆಯುವುದಾದರೆ ಅದಕ್ಕೇನು ಬೆಲೆ ಎಂದುಕೊಂಡೆ. ಕೇಳದವಳಿಗೆ ಏನು ಸಿಗುತ್ತದೆ ಎಂಬುದೂ ಗೊತ್ತಿದ್ದದ್ದೇ.

ಅಕ್ಟೋಬರ್ 25

ದೀಪಾವಳಿ ಮುಗಿಯಿತು. ಮಳೆ ಮುಗಿದಿಲ್ಲ.

ಸಂಜೆ ಸುಧಾರಾಣಿ ನನ್ನ ಕೋಣೆಗೆ ಬಂದಳು. ಒಳಗೆ ಬರದೆ ಹೊಸ್ತಿಲ ಮೇಲೆ ಕೂತಳು, ಕೈಯಲ್ಲಿ ಕರ್ಚಿಕಾಯಿಯ ತಟ್ಟೆ. ತಟ್ಟೆ ನೋಡಿದಾಗಲೇ ತಿಳಿಯಿತು.

“ಅಕ್ಕಾರ, ನಮಗೇನಿಲ್ರಿ. ದೇವರಾಣಿ. ನಮ್ಮ ಮನ್ಯಾಗ ಇದನ್ನೆಲ್ಲ ಯಾರ ನೋಡ್ತಾರ? ಬೀಗತಿಗೆ ಯಾರೋ ಹೇಳ್ಯಾರ. ಕಟಗಿ ನೀವ ಒಟ್ಟಿದ್ದು, ಒಲಿನೂ ನೀವ ಹಚ್ಚತೀರಂತ. ಫೋನ್ ಮಾಡಿದ್ರು. ‘ನಮಗೂ ಏನಿಲ್ಲವಾ, ಆದರ ನಮ್ಮ ಮಂದಿ ಆಡ್ಕೋತಾರ’ ಅಂದ್ರು.”

ಅವರಿಗೂ ಏನಿಲ್ಲ, ಇವರಿಗೂ ಏನಿಲ್ಲ. ಯಾರಿಗೂ ಏನೂ ಇಲ್ಲದ್ದು ನನ್ನ ಹೊಸ್ತಿಲಿಗೆ ಬಂದು ಕೂತಿತ್ತು, ತಟ್ಟೆ ಹಿಡಿದು.

“ಒಲಿ ಯಾರ ಹಚ್ಚತಾರ?”

“ಹಿರೇಕೆರೂರಿಂದ ನಮ್ಮಣ್ಣನ ಹೇಣ್ತಿ ಬರ್ತಾಳ, ನಮ್ಮ ವೈನಿ. ಕಟಗಿನೂ ನಮ್ಮಣ್ಣ ಕಳಸ್ತಾನ, ಟ್ರ್ಯಾಕ್ಟರದಾಗ. ತವರ ಹೊಲಾನೂ ಸ್ವಂತದ್ದ ಅಲ್ರಿ?”

“ಹೇಮಾ ಏನಂದ್ಲು?”

“ಆಕಿ ಏನಂತಾಳ್ರಿ, ಸಣ್ಣಾಕಿ…” ಎದ್ದಳು. “ಕರ್ಚಿಕಾಯಿ ತಿನ್ರಿ. ತುಪ್ಪದಾಗ ಕರದೇನಿ.”

ಈ ಮನೆಯಲ್ಲಿ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಚನ ಹೇಳುತ್ತಾರೆ. ಪರಮೇಶಿಯ ದನಿ ಚೆನ್ನಾಗಿದೆ. ಅಪ್ಪ ಹೇಳುತ್ತಿದ್ದ — ನಮ್ಮಲ್ಲಿ ಸೂತಕ ಇಲ್ಲವಾ, ಮೈಲಿಗೆ ಇಲ್ಲವಾ, ಅದನ್ನ ಬಿಟ್ಟ ಬಂದವರು ನಾವು ಅಂತ. ಬಿಟ್ಟು ಬಂದದ್ದನ್ನು ತರಲು ಯಾರೋ ಹಿಂದಕ್ಕೆ ಹೋಗಿದ್ದಾರೆ.

ಅಕ್ಟೋಬರ್ 27

ಹೇಮಾಳನ್ನು ನಾನೇ ಕರೆದೆ. ಕರೆಯಬಾರದಿತ್ತು.

ಮಂಚದ ಮೇಲೆ ಕೂತಳು. ಹಳೆಯ ಜಾಗ. ಫೋನನ್ನು ಮಗುಚಿ ಇಟ್ಟಳು.

“ಅತ್ತಿ, ಒಂದ ತಾಸಿನ ಮಾತದು. ಅದಕ್ಕಂತ ಎಲ್ಲಾರ ಕೂಡ ಜಗಳಾಡ್ಲೇನು? ನಾಳೆ ನಾ ಆ ಮನ್ಯಾಗ ಬಾಳ್ವೆ ಮಾಡಾಕಿ.”

“ಜಗಳಾಡು ಅನ್ನಂಗಿಲ್ಲ. ನೀನ ಹೇಳಿದ್ದಿ ಅಂತ ಕೇಳಿದೆ.”

“ಹೇಳಿದ್ದೆ. ಆವಾಗ ಗೊತ್ತಿದ್ದಿಲ್ಲ.” ನನ್ನ ಮುಖ ನೋಡಿಯೇ ಹೇಳಿದಳು: “ನೀನ ಕಲಿಸಿದ್ದಿ, ಶಾಸ್ತ್ರ ಅನ್ನೂದೆಲ್ಲ ಸುಳ್ಳಂತ. ಸುಳ್ಳಿದ್ರ ಬಿಟ್ಟಬಿಡು. ಸುಳ್ಳಿನ ಸಲುವಾಗಿ ಯಾಕ ಇಷ್ಟ ಮನಸಿಗೆ ಹಚ್ಕೋತಿ?”

ಒಳ್ಳೆಯ ವಿದ್ಯಾರ್ಥಿನಿ. ನನ್ನದೇ ವಾದ, ನನ್ನದೇ ದನಿಯ ಏರಿಳಿತ. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ.

ನನಗೆ ಬೇಕಾದದ್ದು ಶಾಸ್ತ್ರವಲ್ಲ ಎಂದು ಹೇಳಬಹುದಿತ್ತು. ಜನರ ನಡುವೆ ಒಬ್ಬಳು ನನ್ನ ಕೈ ಹಿಡಿದು ‘ಇವಳು ನಮ್ಮವಳು’ ಎಂದು ಮುಂದೆ ಕರೆಯಲಿ, ಒಂದು ಸಲ — ಅದಕ್ಕೆ ಈ ಮನೆಯಲ್ಲಿ ಒಲೆ ಬಿಟ್ಟರೆ ಬೇರೆ ಜಾಗ ಯಾವುದು ಎಂದು ಕೇಳಬಹುದಿತ್ತು. ಹೇಳಿದ್ದು, “ಹೋಗು, ತಡಾ ಆಗೇತಿ.”

ಹೋಗುವಾಗ ಬಾಗಿಲಲ್ಲಿ ನಿಂತಳು. “ಸಿಟ್ಟಾದೇನು?”

ಇಲ್ಲ ಎಂದೆ.

ನವೆಂಬರ್ 2

ಕಟ್ಟಿಗೆಯ ಕಡೆ ಹೋಗಿಲ್ಲ. ತಗಡಿನ ಒಂದು ಕಲ್ಲು ಸರಿದಿರುವುದು ಒಳಬಾಗಿಲಿನಿಂದ ಕಾಣುತ್ತದೆ. ಸರಿಯಲಿ.

ಸಂಜೆ. ಹೋಗಿ ಕಲ್ಲಿಟ್ಟು ಬಂದೆ.

ನವೆಂಬರ್ 16

ಬಂಗಾಳ ಕೊಲ್ಲಿಯಲ್ಲೇನೋ ವಾಯುಭಾರ ಕುಸಿತವಂತೆ, ಇಲ್ಲಿ ನಾಲ್ಕು ದಿನದಿಂದ ಮಳೆ. ಹಿರೇಕೆರೂರಿನ ಟ್ರ್ಯಾಕ್ಟರ್ ಬಂತು, ಮೇಲೊಂದು ಹೊದಿಕೆಯಿಲ್ಲದೆ. ಮೊನ್ನೆ ಮೊನ್ನೆ ಕಡಿದ ಹಸಿ ಬೇವು, ದಾರಿಯುದ್ದ ನೆನೆದು, ಟ್ರೇಲರಿನಿಂದ ನೀರು ಸುರಿಯುತ್ತಿತ್ತು. ಮದುವೆಗೆ ಹನ್ನೆರಡು ದಿನ.

ಪರೀಕ್ಷೆಗೆಂದು ಬಚ್ಚಲ ಒಲೆಗೆ ಹಾಕಿದರು. ಮನೆ ತುಂಬ ಹೊಗೆ. ತುದಿಯಿಂದ ನೊರೆ ಉಕ್ಕಿತೇ ಹೊರತು ಬೆಂಕಿ ಹತ್ತಲಿಲ್ಲ. ಪರಮೇಶಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ. ಡೀಸೆಲ್ ಹೊಡೆದರು, ಡೀಸೆಲ್ ಉರಿದು ಮುಗಿಯಿತು, ಕಟ್ಟಿಗೆ ಹಾಗೇ. ಸುಧಾರಾಣಿ ಕೆಮ್ಮುತ್ತ, “ನಮ್ಮಣ್ಣಗ ಬುದ್ಧಿ ಇಲ್ರಿ” ಎಂದಳು. ತವರಿನವರನ್ನು ಬೈದದ್ದು ಇದೇ ಮೊದಲು ಕೇಳಿದ್ದು.

ಊಟವಾದ ಮೇಲೆ ಪರಮೇಶಿ ಹಿತ್ತಲಿಗೆ ಹೋದ. ನನ್ನ ಒಟ್ಟಲಿನ ಮುಂದೆ ಕೊಡೆ ಹಿಡಿದು ನಿಂತ. ಒಂದು ತುಂಡು ಎಳೆದು ಇನ್ನೊಂದಕ್ಕೆ ಬಡಿದ. ಆ ಸದ್ದು ನನ್ನ ಕೋಣೆಗೆ ಕೇಳಿತು. ಮತ್ತೆ ಬಡಿದ.

ಒಂದು ಯೋಚನೆ ಬಂತು. ಎಲ್ಲವನ್ನೂ ಚಮನಬಿಗೆ ಕೊಟ್ಟುಬಿಡುವುದು. ಗೋಡೆಯ ಮೇಲಿಂದ ಒಂದೊಂದಾಗಿ ದಾಟಿಸಿದರೆ ಒಂದು ಮಧ್ಯಾಹ್ನದ ಕೆಲಸ. ಅವಳ ರೊಟ್ಟಿ ಒಲೆ ಯುಗಾದಿಯವರೆಗೆ ಉರಿದೀತು. ಹೊಲ ಅಪ್ಪನದು, ಮರ ಅಪ್ಪನದು, ಬೆವರು ನನ್ನದು. ಯಾರು ಕೇಳುತ್ತಾರೆ?

ಕೊಡಲಿಲ್ಲ. ಧೈರ್ಯವಿಲ್ಲದ್ದಕ್ಕಲ್ಲ. ಇನ್ನೂ ಕಾಯುತ್ತಿದ್ದೇನೆ, ಅದಕ್ಕೆ. ಇದನ್ನು ಬರೆಯುವಾಗ ಮೈ ಉರಿಯುತ್ತದೆ.

ನವೆಂಬರ್ 20

ಮದುವೆಯ ಶಾಸ್ತ್ರ ಮಾಡಿಸುವ ಅಯ್ಯನವರು ಬಂದಿದ್ದರು. ಪಡಸಾಲೆಯಲ್ಲಿ ಪರಮೇಶಿ, ಸುಧಾರಾಣಿ, ಫೋನಿನ ಸ್ಪೀಕರಿನಲ್ಲಿ ಶಾರವ್ವ. ನನ್ನನ್ನು ಕರೆಯಲಿಲ್ಲ. ಮಾತು ತುಂಡು ತುಂಡಾಗಿ ಬಂತು. “ಅದಕ್ಕೇನ, ದಾರಿ ಐತ್ರಿ…” ಎಂದು ಅಯ್ಯನವರು. ಆಮೇಲೆ ಶಾರವ್ವನ ದನಿ, “ಹಂಗ ಮಾಡಿದ್ರ ನಮ್ಮದೇನ ತಕರಾರಿಲ್ರಿ.” ಆಮೇಲೆ ಎಲ್ಲರೂ ಹಗುರಾಗಿ ನಕ್ಕರು. ಏನು ದಾರಿ ಎಂದು ಯಾರೂ ನನಗೆ ಹೇಳಲಿಲ್ಲ.

ಹೇಮಾ ಚಹಾ ತಂದುಕೊಟ್ಟಳು. “ಎಲ್ಲಾ ಸರಿ ಆತತ್ತಿ” ಎಂದಳು. ಕಣ್ಣಲ್ಲಿ ಹಳೆಯ ಹುಡುಗಿ ಇದ್ದಳು, ಅಥವಾ ಹಾಗೆ ಕಂಡಿತು.

ನವೆಂಬರ್ 26, ಬೆಳಿಗ್ಗೆ

ಹಂದರ ನಿಂತಿದೆ. ಮಾವಿನ ತೋರಣ, ಬಾಳೆಕಂಬ. ಆಕಾಶ ತೊಳೆದಿಟ್ಟ ಹಾಗೆ — ಮಳೆ ನಿಂತ ಮೇಲೆ ಮೊದಲ ಒಳ್ಳೆಯ ಬಿಸಿಲು.

ಈಗಷ್ಟೇ ಪರಮೇಶಿ ಬಂದು ಹೋದ. ಹೊಸ ಪಂಜೆ, ಹಣೆ ತುಂಬ ವಿಭೂತಿ. ಬಹಳ ದಿನಗಳ ಮೇಲೆ ನನ್ನ ಮಂಚದ ಮೇಲೆ ಕೂತ.

“ಅಕ್ಕಾ, ನಿನ್ನ ಕಟಗೀನ ಒಲಿಗಿ ಇಡ್ತೇವಿ. ಹಿರೇಕೆರೂರದು ಬ್ಯಾಡಂತ ಆತು. ಅಪ್ಪನ ಹೊಲದ್ದು, ಅಪ್ಪನ ಹಂಗ ಒಟ್ಟಿದ್ದು. ಖುಷಿ ಆತಿಲ್ಲೊ?”

“ಬೀಗತಿ ಏನಂದ್ರು?”

“ಅವರದೇನಿಲ್ಲ. ಅಯ್ನಾರು ಏನೋ ಸಣ್ಣದೊಂದು ಶಾಸ್ತ್ರ ಮಾಡಸ್ತಾರ ಮೊದಲ, ಅಷ್ಟ. ಒಲಿ ಸುಧಾನ ವೈನಿ ಹಚ್ಚತಾಳ. ಅದೊಂದು ಬಿಡು.” ಏಳುವಾಗ, “ನೀ ಮಾತ್ರ ಒಂದ ತಾಸು ಹಿತ್ತಲಕ್ಕ ಬರಬ್ಯಾಡ. ಹುಗ್ಗಿ ಆದ ಮ್ಯಾಲ ನಾನ ಬಂದ ಕರೀತೇನಿ” ಎಂದ. ಒಳಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ. ಆಚೆಯಿಂದ ಚಿಲಕ ಹಾಕಿದನೋ ಇಲ್ಲವೋ ನೋಡಲು ಎದ್ದಿಲ್ಲ.

ನಾಚಿಕೆ ಬಿಟ್ಟು ಬರೆಯುತ್ತೇನೆ. ಖುಷಿಯಾಯಿತು. ಬಾಗಿಲು ಮುಚ್ಚಿಸಿಕೊಂಡು ಒಳಗೆ ಕೂತವಳಿಗೆ ಖುಷಿಯಾಯಿತು. ಹಚ್ಚುವ ಕೈ ಯಾರದಾದರೇನು, ಜೂನಿನಿಂದ ಮಗ್ಗುಲು ಬದಲಿಸಿ, ಮೇಲೆ ಬಿದ್ದು ಕಾಯ್ದದ್ದು ಉರಿಯುತ್ತದಲ್ಲ. ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ, ಹೊಗೆಯಿಲ್ಲದೆ. ಆ ಹೆಂಗಸರೆಲ್ಲ ‘ಎಂಥ ಕಟಗಿವಾ’ ಎನ್ನುತ್ತಾರೆ. ಹೇಮಾ ಆ ಹುಗ್ಗಿ ಉಣ್ಣುತ್ತಾಳೆ. ಇಳಕಲ್ ಸೀರೆ ಉಟ್ಟು ಕೂತಿದ್ದೇನೆ. ಯಾರು ನೋಡಲಿ ಎಂದೋ.

ಹಿತ್ತಲಲ್ಲಿ ಮಂತ್ರದ ದನಿ. ಬೋರಿನ ಮೋಟರ್ ಹಚ್ಚಿದ್ದಾರೆ, ತಾಮ್ರದ ಕೊಡಗಳ ಸದ್ದು. ಹುಗ್ಗಿಯ ಪಾತ್ರೆಗಿರಬೇಕು. ಆದರೆ ಇಷ್ಟು ನೀರೇ? ಸುರಿಯುತ್ತಲೇ ಇದ್ದಾರೆ…

ಯಾರೋ ಬೀದಿ ಬಾಗಿಲು ತಟ್ಟಿದರು. ಚಮನಬಿ. ಮಾಳಿಗೆಯಿಂದ ಓಡಿ ಬಂದಿದ್ದಳು, ಏದುಸಿರು, ತಲೆಯ ಮೇಲಿನ ಸೆರಗು ಜಾರಿತ್ತು. ಒಳಗೆ ಬಾ ಎಂದರೆ ಬರಲಿಲ್ಲ. ನನ್ನ ಸೀರೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಅಂದಳು:

“ನೀಲವ್ವ, ನಿನ್ನ ಕೈ ತಾಗಿದ್ದು ಹೋಗಲಂತ ನಿನ್ನ ಕಟಗಿ ತೊಳ್ಯಾಕತ್ತಾರವಾ. ಒಂದೊಂದ ತಗದು, ನೀರ ಸುರುವಿ ಸುರುವಿ. ಕೊಡಾ ಹೇಮಾನ ಕೈಯಾಗೈತಿ.”